ಜೋಳದ ಹೊಲದಲ್ಲಿ ಹಾಳೂರು ಗುರುತಿಸುವುದು ಹೇಗೆ

ರಾಯಚೂರು ಸೀಮೆಯ ಎರೆ ಹೊಲಗಳಲ್ಲಿ ಇಪ್ಪತ್ತೆರಡು ವರ್ಷದಿಂದ ಪೋಡಿ, ಹದ್ದುಬಸ್ತು, ಅಂದರೆ ಜಮೀನಿನ ಹಿಸ್ಸೆ, ಗಡಿಗಳ ಅಳತೆ ಮಾಡುತ್ತಿದ್ದೇನೆ. ಗಡಿಕಲ್ಲು ಹುಡುಕುತ್ತ ನಡೆಯುವಾಗ ಬೆಳೆಯನ್ನೂ ನೋಡುವ ರೂಢಿ ಬಿತ್ತು. ಜನ ಬಿಟ್ಟುಹೋದ ಹಳೆಯ ಊರಿನ, ನೆಲದಡಿ ಮುಚ್ಚಿಹೋದ ಗೋಡೆ, ಕಂದಕ, ಕಾಳು ತುಂಬಿಡುವ ನೆಲಗುಂಡಿಗಳಾದ ಹಗೇವುಗಳ ಆಕಾರ ಜೋಳದ ಮೇಲೆ ಮೂಡುತ್ತದೆ. ಹೊಲಗಳ ಲೆವೆಲಿಂಗ್ ನಡೆಯುತ್ತಿರುವ ವೇಗ ನೋಡಿದರೆ ಈ ಗುರುತುಗಳು ಹೆಚ್ಚು ಕಾಲ ಉಳಿಯಲಾರವು. ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಲವೂ ತೇವದ ಮಾತು. ಹಳೆಯ ಕಂದಕ ತುಂಬಿಕೊಂಡ ಕಡೆ ಸಡಿಲ ಮಣ್ಣು ಆಳಕ್ಕಿರುತ್ತದೆ, ನೀರು ಹಿಡಿದಿಡುತ್ತದೆ. ಅಲ್ಲಿನ ಜೋಳ ಎತ್ತರ ಬೆಳೆದು, ಸುತ್ತಲಿನದು ಒಣಗಿದರೂ ಹಸಿರಾಗಿ ನಿಲ್ಲುತ್ತದೆ. ಕಲ್ಲಿನ ಬುನಾದಿ ಇದ್ದಲ್ಲಿ ಬೇರು ಇಳಿಯಲು ಜಾಗವಿಲ್ಲ. ದಂಟು ಗಿಡ್ಡ, ಎಲೆ ಬೇಗ ಹಳದಿ.

ಹಿಂಗಾರು ಬಿಳಿಜೋಳ ಇದಕ್ಕೆ ಹೇಳಿ ಮಾಡಿಸಿದ ಬೆಳೆ, ಮಳೆ ನಿಂತ ಮೇಲೆ ನೆಲದಲ್ಲಿ ಉಳಿದ ತೇವದಲ್ಲೇ ಬದುಕುತ್ತದಲ್ಲ. ಡಿಸೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ, ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಹೋಗಿ. ಕೆನಾಲ್ ನೀರಿನ ಭತ್ತದ ಗದ್ದೆಯಲ್ಲಿ ಏನೂ ಕಾಣದು. ಮಳೆ ಚೆನ್ನಾಗಿ ಆದ ವರ್ಷವೂ ಅಷ್ಟೇ. ಬರದ ವರ್ಷ ಮಾತ್ರ ನೆಲ ಬಾಯಿ ಬಿಡುತ್ತದೆ. ಐರ್ಲೆಂಡಿನಲ್ಲಿ ನ್ಯೂಗ್ರೇಂಜ್ ಎಂಬ ಪ್ರಾಚೀನ ಸಮಾಧಿ ದಿಬ್ಬದ ಬಳಿ 2018ರ ಜುಲೈನ ಒಣ ಹವೆಯಲ್ಲಿ ಆಂಟನಿ ಮರ್ಫಿ, ಕೆನ್ ವಿಲಿಯಮ್ಸ್ ಎಂಬಿಬ್ಬರು ಡ್ರೋನ್ ಹಾರಿಸಿದಾಗ, ಯಾರಿಗೂ ಗೊತ್ತಿಲ್ಲದ ದೊಡ್ಡದೊಂದು ಪ್ರಾಚೀನ ವೃತ್ತ ಹೊಲದಲ್ಲಿ ಕಂಡಿತು.

ಮೊದಲು ಮನೆಯಲ್ಲೇ ಕೂತು ಗೂಗಲ್ ಅರ್ಥ್‌ನಲ್ಲಿ ಹಳೆಯ ಚಿತ್ರಗಳನ್ನು ತೆರೆಯಿರಿ. 2023ರ ಬರದ ನಂತರದ ಜನವರಿ ಚಿತ್ರ ಸಿಕ್ಕರೆ ಅದರಿಂದಲೇ ಶುರು ಮಾಡಿ. ಸೆಂಟಿನೆಲ್-2 ಉಪಗ್ರಹದ ಚಿತ್ರ ಉಚಿತ, ಆದರೆ ಅದರ ಒಂದು ಚುಕ್ಕೆ ನೆಲದ ಮೇಲೆ 10 ಮೀಟರ್. ಅಗಲವಾದ ಕಂದಕ ಕಂಡೀತು, ಹಗೇವು ಕಾಣದು. ನಕಾಶೆಯಲ್ಲಿ ಬೇಚರಾಕ್ ಗ್ರಾಮ (ಜನವಸತಿ ಇಲ್ಲದ ಊರು) ಅಂತಿದ್ದರೆ, ಹೊಲಕ್ಕೆ ಕೋಟೆ, ಅಗಸೆ (ಊರ ಬಾಗಿಲು), ಬೂದಿ ಅನ್ನುವ ಹೆಸರಿದ್ದರೆ ಅಲ್ಲಿ ಇನ್ನಷ್ಟು ಹುಡುಕಿ.

ಆಮೇಲೆ ಹೊಲದ ಯಜಮಾನರನ್ನು ಕೇಳಿ. ಇದನ್ನು ನಾನು ತಡವಾಗಿ ಕಲಿತೆ. ಒಂದು ಸಲ ನೆಟ್ಟಗಿನ ಹಸಿರು ಪಟ್ಟೆ ಕಂಡು, ಕೋಟೆಯ ಕಂದಕವೇ ಅಂತ ಎರಡು ದಿನ ಅಳೆದಿದ್ದೆ. ಬುತ್ತಿ ತಂದ ಅಜ್ಜಿ, "ಯಪ್ಪಾ, ಅದು ನಮ್ಮ ಬೋರಿನ ಪೈಪ್ ಹಾಕಿದ್ದು" ಅಂದರು. ಹಳೆಯ ತಿಪ್ಪೆ, ಕುರಿ ತರುಬಿದ ಜಾಗ ಹಸಿರಾಗಿ ಕಾಣುತ್ತವೆ. ಕಣ ಮಾಡಿದ್ದಲ್ಲಿ ನೆಲ ಗಟ್ಟಿಯಾಗಿ ದುಂಡಗೆ ಹಳದಿ ಮೂಡುತ್ತದೆ. ಬಿತ್ತಿದ ಸಾಲಿನ ಗುಂಟವೇ ಗೆರೆ ಹೋದರೆ ಕೂರಿಗೆಯಲ್ಲಿ ಬೀಜ ಇಳಿಯುವ ತಾಳು ಕಟ್ಟಿಕೊಂಡಿರಬೇಕು. ಸಾಲುಗಳನ್ನು ಅಡ್ಡ ಕತ್ತರಿಸಿ, ಬದು ದಾಟಿ ಪಕ್ಕದ ಹೊಲಕ್ಕೂ ಹೋಗುವ ಗೆರೆಯನ್ನು ಮಾತ್ರ ನಾನು ಈಗ ನಂಬುತ್ತೇನೆ. ಡೊಂಕಾಗಿ ಹರಿದರೆ ಅದು ಹಳೆಯ ಹಳ್ಳ.

ಬೆಳೆಯೊಳಗೆ ಇಳಿದರೆ ಏನೂ ತಿಳಿಯುವುದಿಲ್ಲ, ಎಲ್ಲ ಕಡೆ ದಂಟೇ. ಒಡ್ಡಿನ ಮೇಲೆ ನಿಂತು, ಬಿಸಿಲು ಓರೆಯಾಗಿರುವ ಬೆಳಿಗ್ಗೆ ಏಳು ಗಂಟೆಗೆ ನೋಡಿ. ಗೆರೆ ಗೊತ್ತಾದ ಮೇಲೆ ಅದಕ್ಕೆ ಅಡ್ಡವಾಗಿ ಟೇಪ್ ಎಳೆದು, ಎರಡೆರಡು ಮೀಟರಿಗೆ ಒಂದು ಗಿಡದ ಎತ್ತರ ಅಳೆಯಿರಿ. ಕಳೆದ ಸಲ ನನ್ನ ಪುಸ್ತಕದಲ್ಲಿ ಬರೆದದ್ದು: 4 ಅಡಿ, 4, 4 ಕಾಲು, 5 ಮುಕ್ಕಾಲು, 6, 6, 5, 4. ನಾಲ್ಕಡಿಯ ಗಿಡಗಳಲ್ಲಿ ಬುಡದ ಎಲೆ ತರಗಾಗಿ, ಮೇಲಿನ ಎಲೆ ಸುರುಳಿ ಸುತ್ತಿತ್ತು. ಆರಡಿಯ ಗಿಡದ ಎಲೆ ಅಗಲವಾಗಿ ಬಿಚ್ಚಿಕೊಂಡು, ಮುಟ್ಟಿದರೆ ತಂಪು. ಕಣ್ಣಿಗೆ ಕಂಡ ಗೆರೆ ಅಂಕಿಯಲ್ಲೂ ಬಂದರೆ ಮಾತ್ರ ಜಿಪಿಎಸ್ ಬಿಂದು, ಸರ್ವೆ ನಂಬರ್, ಬಿತ್ತಿದ ತಾರೀಖು, ಕೊನೆಯ ಮಳೆಯ ದಿನ ಬರೆದಿಡಿ.

ಗುದ್ದಲಿ ಹಾಕಬೇಡಿ. ಊರಲ್ಲಿ ನಿಧಿ ಅನ್ನುವ ಮಾತು ಹುಟ್ಟಿದರೆ ರಾತ್ರೋರಾತ್ರಿ ಗುಂಡಿ ಬೀಳುತ್ತವೆ. ಹಾಗೆ ಹಾಳಾದ ದಿಬ್ಬವನ್ನು ನೋಡಿ ಅತ್ತಿದ್ದೇನೆ. ಜಾಗದ ವಿವರವನ್ನು ವಾಟ್ಸಾಪಿಗೆ ಹಾಕದೆ, ಯಜಮಾನರ ಒಪ್ಪಿಗೆ ಪಡೆದು ರಾಜ್ಯದ ಪುರಾತತ್ವ ಇಲಾಖೆಗೆ ಬರೆಯಿರಿ.

ಕಟಾವಾಗಿ ಕುಂಟೆ ಹೊಡೆದ ಮೇಲೆ ಮತ್ತೊಮ್ಮೆ ಹೋಗಿ. ಕಪ್ಪು ಮಣ್ಣಿನ ನಡುವೆ ಬೂದಿ ಬಣ್ಣದ ಪಟ್ಟೆ, ಮಡಕೆ ಚೂರು ಕಂಡರೆ ಫೋಟೋ ತೆಗೆದು ಅಲ್ಲೇ ಬಿಡಿ. ಮರುವರ್ಷ ಆ ಹೊಲಕ್ಕೆ ಕಡಲೆ ಹಾಕಿದರೆ ಗೆರೆ ಅಷ್ಟು ಚೆನ್ನಾಗಿ ಕಾಣದು. ಮತ್ತೆ ಜೋಳ ಬಿತ್ತುವವರೆಗೆ ಕಾಯಿರಿ.