ಮಹಾ ಕ್ರೀಡಾಕೂಟದ ಆತಿಥ್ಯ ಪಡೆಯಲು ನಗರವೊಂದು ಸಜ್ಜಾಗುವ ಬಗೆ

ಒಲಿಂಪಿಕ್ಸ್‌ನಂಥ ಕೂಟದ ಆತಿಥ್ಯ ಬಯಸುವ ನಗರವು ನೀಲನಕ್ಷೆ ಬರೆಸುವುದಕ್ಕೂ ಮುನ್ನ ತನ್ನ ಜನರ ಒಪ್ಪಿಗೆ ಪಡೆಯಬೇಕು. ಹ್ಯಾಂಬರ್ಗ್ 2015ರಲ್ಲಿ, ಕ್ಯಾಲ್ಗರಿ 2018ರಲ್ಲಿ ಸಾಕಷ್ಟು ಸಿದ್ಧತೆ ನಡೆಸಿದ ಮೇಲೆ ಜನಮತಗಣನೆಗೆ ಹೋದವು. ಬಹುಮತ ಬೇಡವೆಂದಿತು, ಎರಡೂ ಸ್ಪರ್ಧೆಯಿಂದ ಹಿಂದೆ ಸರಿದವು. ಡೆನ್ವರ್‌ನದು ಇನ್ನೂ ಬೇಸರದ ಕಥೆ. 1976ರ ಚಳಿಗಾಲದ ಒಲಿಂಪಿಕ್ಸ್ ಆ ನಗರಕ್ಕೆ ಒಲಿದಿತ್ತು. ಆದರೆ ಅದಕ್ಕೆ ಸಾರ್ವಜನಿಕ ಹಣ ಬಳಸಲು ಕೊಲರಾಡೊ ರಾಜ್ಯದ ಮತದಾರರು 1972ರಲ್ಲಿ ಒಪ್ಪಲಿಲ್ಲವಾದ್ದರಿಂದ ಅದನ್ನು ಬಿಟ್ಟುಕೊಡಬೇಕಾಯಿತು. ಆದ್ದರಿಂದ ಖರ್ಚಿನ ಅಂದಾಜನ್ನು, ನಷ್ಟವಾದರೆ ತುಂಬಿಕೊಡುವವರು ಯಾರೆಂಬುದನ್ನೂ ಸೇರಿಸಿ, ಆರಂಭದಲ್ಲೇ ಜನರ ಮುಂದಿಡಬೇಕು.

ಆಮೇಲೆ ಈಗಿರುವ ಕ್ರೀಡಾಂಗಣಗಳ ಲೆಕ್ಕ ಹಿಡಿಯಬೇಕು. 1984ರಲ್ಲಿ ಲಾಸ್ ಏಂಜಲೀಸ್ ಬಹುಪಾಲು ಹಳೆಯ ಕ್ರೀಡಾಂಗಣಗಳಲ್ಲೇ ಕೂಟ ನಡೆಸಿ ಹಣ ಉಳಿಸಿತು. 1976ರ ಕೂಟಕ್ಕಾಗಿ ಮಾಂಟ್ರಿಯಲ್ ಮಾಡಿದ ಸಾಲ ತೀರಿದ್ದು 2006ರಲ್ಲಿ. ಹೊಸದಾಗಿ ಕಟ್ಟಲೇಬೇಕಾದ ಪ್ರತಿ ಕಟ್ಟಡದ ಹೆಸರಿನ ಮುಂದೆ, ಸಮಾರೋಪದ ಮರುದಿನ ಅದರ ಬೀಗದ ಕೈ ಯಾರಿಗೆ ಸೇರುತ್ತದೆ ಮತ್ತು ನಿರ್ವಹಣೆಯ ಹೊಣೆ ಯಾರದು ಎಂದು ಬರೆಯಬೇಕು. ಉತ್ತರ ಸಿಗದಿದ್ದರೆ ತಾತ್ಕಾಲಿಕ ರಚನೆಯೇ ಸಾಕು. ಲಂಡನ್ ತನ್ನ 80,000 ಆಸನಗಳ ಕ್ರೀಡಾಂಗಣವನ್ನು, ಕೂಟದ ನಂತರ ಮೇಲಿನ ಅಂತಸ್ತು ಕಳಚಿ 25,000 ಆಸನಗಳಿಗೆ ಇಳಿಸುವಂತೆ ವಿನ್ಯಾಸಗೊಳಿಸಿತ್ತು. ಯೋಚನೆ ಒಳ್ಳೆಯದೇ. ಆದರೆ ಮುಂದೆ ಅಲ್ಲಿ ಫುಟ್‌ಬಾಲ್ ಆಡಿಸುವ ನಿರ್ಧಾರ ತಡವಾಗಿ ಬಂದದ್ದರಿಂದ, ಚಾವಣಿಯನ್ನೂ ಆಸನಗಳನ್ನೂ ಬದಲಿಸಲು ಮತ್ತೆ ಭಾರಿ ಹಣ ಸುರಿಯಬೇಕಾಯಿತು. ನಾಳಿನ ಬಳಕೆದಾರ ಯಾರೆಂದು ಅಡಿಪಾಯಕ್ಕೆ ಮೊದಲೇ ತೀರ್ಮಾನವಾಗಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಭದ್ರತೆ, ವೀಸಾ, ಸುಂಕ, ಹೋಟೆಲ್ ಕೊಠಡಿಗಳ ದರ, ಇವುಗಳಿಗೆ ಸಂಬಂಧಪಟ್ಟವರಿಂದ ಲಿಖಿತ ಖಾತರಿ ಪಡೆಯಬೇಕು. ಸಂಚಾರದ ಬಗ್ಗೆ ಮಾತ್ರ ಕಾಗದವನ್ನು ನಂಬಬಾರದು: ಕ್ರೀಡಾಗ್ರಾಮಕ್ಕೆ ಗುರುತಿಸಿದ ಜಾಗದಿಂದ ಈಜುಕೊಳದವರೆಗೆ, ಕಚೇರಿಗಳು ಬಿಡುವ ಹೊತ್ತಿನಲ್ಲಿ ಬಸ್ಸಿನಲ್ಲೇ ಕುಳಿತು ಗಡಿಯಾರ ನೋಡಬೇಕು.

ಆಯ್ಕೆಯ ಕ್ರಮವೂ ಬದಲಾಗಿದೆ. 2012ರ ಕೂಟಕ್ಕಾಗಿ 2005ರಲ್ಲಿ ಸಿಂಗಪುರದಲ್ಲಿ ನಡೆದ ಮತದಾನದಲ್ಲಿ ಲಂಡನ್ ಪ್ಯಾರಿಸ್ಸನ್ನು 54–50 ಮತಗಳಿಂದ ಸೋಲಿಸಿತ್ತು. 2032ರ ಕೂಟಕ್ಕಾದರೋ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು ಬ್ರಿಸ್ಬೇನ್ ಜತೆ ಮೊದಲೇ ಮಾತುಕತೆ ನಡೆಸಿ, 2021ರಲ್ಲಿ ಆ ಒಂದೇ ಹೆಸರನ್ನು ಮತಕ್ಕೆ ಹಾಕಿತು. ಹೀಗಾಗಿ ಸಮಿತಿಯೊಂದಿಗಿನ ಸಂವಾದವನ್ನು ವರ್ಷಗಳ ಮೊದಲೇ ಆರಂಭಿಸುವುದು ಮೇಲು. ಮತದಾರ ಸದಸ್ಯರಿಗೆ ಉಡುಗೊರೆಯ ಸೋಂಕೂ ತಗಲಬಾರದು. 2002ರ ಚಳಿಗಾಲದ ಒಲಿಂಪಿಕ್ಸ್ ಪಡೆಯಲು ಸಾಲ್ಟ್ ಲೇಕ್ ಸಿಟಿ ನಡೆಸಿದ ಲಂಚದ ಹಗರಣದಲ್ಲಿ ಸಮಿತಿಯ ಹಲವು ಸದಸ್ಯರು ಸ್ಥಾನ ಕಳೆದುಕೊಂಡರು.

ಗೆಲುವಿನ ಘೋಷಣೆಯ ಬೆನ್ನಲ್ಲೇ ಆತಿಥೇಯ ಒಪ್ಪಂದಕ್ಕೆ ಸಹಿ ಹಾಕಬೇಕಾಗುತ್ತದೆ. ಆದ್ದರಿಂದ ನಗರದ ವಕೀಲರೂ ಲೆಕ್ಕಪರಿಶೋಧಕರೂ ಅದರ ಪ್ರತಿಯೊಂದು ಷರತ್ತನ್ನು ಮತದಾನದ ದಿನಕ್ಕೆ ತಿಂಗಳುಗಳ ಮುಂಚೆಯೇ ಓದಿ ಮುಗಿಸಿರಬೇಕು.