ಒಕ್ಕದ ಹೆಸರು ಉಳಿಯುತ್ತಾ? ಲೆಕ್ಕ ಹಾಕುವುದು ಹೀಗೆ

ಕೊಡಗಿನ ಸುಗ್ಗಿ ಹಬ್ಬ ಪುತ್ತರಿಗೆ ಗೆಳೆಯನ ಐನ್‌ಮನೆಗೆ, ಅಂದರೆ ಅವನ ಒಕ್ಕದ (ಕೊಡವರ ಮನೆತನದ) ಮೂಲ ಮನೆಗೆ ಹೋಗಿದ್ದೆ. ಗೋಡೆಯಲ್ಲಿ ವಂಶವೃಕ್ಷ ತೂಗುಹಾಕಿದ್ದರು. ಒಂದು ಕವಲಿನಲ್ಲಿ ಹೆಸರು ಬರೆಯಲು ಜಾಗ ಸಾಲದೆ ಅಕ್ಷರಗಳು ಇರುವೆ ಸಾಲಿನಂತಿದ್ದವು. ಪಕ್ಕದ ಕವಲಿನಲ್ಲಿ ಕೊನೆಯ ಹೆಸರಿನ ಕೆಳಗೆ ಗೆರೆಯೇ ಇಲ್ಲ.

ಮನೆತನದ ಹೆಸರು ಅಳಿಯುವ ಸಾಧ್ಯತೆ ಎಷ್ಟು ಎಂದು 1873ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಕೇಳಿದ್ದರು. ಹೆನ್ರಿ ವಾಟ್ಸನ್ ಲೆಕ್ಕದ ದಾರಿ ತೋರಿಸಿದರು. ಅವರದು ಎಲ್ಲ ತಲೆಮಾರಿಗೂ ಒಂದೇ ಅಳತೆ. ನಮ್ಮಲ್ಲಿ ಹಾಗಿಲ್ಲ ಅಲ್ವಾ? ಅಜ್ಜನ ಕಾಲದಲ್ಲಿ ಮನೆ ತುಂಬ ಮಕ್ಕಳು, ಈಗ ಒಂದೋ ಎರಡೋ. ಹಾಗಾಗಿ ತಲೆಮಾರಿಗೊಂದು ಪಟ್ಟಿ ಬೇಕು.

ಒಕ್ಕದ ಹೆಸರು ಗಂಡುಮಕ್ಕಳಿಂದ ಮುಂದುವರಿಯುವುದರಿಂದ ಅವರನ್ನಷ್ಟೇ ಎಣಿಸೋಣ. ಕಲಿಯಲೆಂದು ನಾನೇ ಇಟ್ಟುಕೊಂಡ ಅಂಕಿ ಇವು. ಅಜ್ಜನ ತಲೆಮಾರು: ಗಂಡುಮಕ್ಕಳು ಇಲ್ಲದಿರುವ ಸಾಧ್ಯತೆ 0.2, ಒಬ್ಬ 0.3, ಇಬ್ಬರು 0.3, ಮೂವರು 0.2. ಅಪ್ಪನದು: 0.3, 0.4, 0.3. ಮಗನದು: 0.5, 0.4, 0.1. ಸರಾಸರಿ ಕ್ರಮವಾಗಿ 1.5, 1, 0.6. ಒಬ್ಬರ ಮಕ್ಕಳ ಸಂಖ್ಯೆ ಇನ್ನೊಬ್ಬರದನ್ನು ಅವಲಂಬಿಸಿಲ್ಲ ಎಂದುಕೊಳ್ಳಿ.

ಈಗ ಮುಖ್ಯ ಮಾತು. ಲೆಕ್ಕವನ್ನು ಕೊನೆಯ ತಲೆಮಾರಿನಿಂದ ಹಿಂದಕ್ಕೆ ಮಾಡಬೇಕು. ಮಗನಿಗೆ ಗಂಡುಮಕ್ಕಳಿಲ್ಲದೆ ಅವನ ಕವಲು ಅಳಿಯುವ ಸಾಧ್ಯತೆ 0.5. ಅಪ್ಪನ ಕವಲು ಅಳಿಯಬೇಕಾದರೆ ಅವನಿಗೆ ಗಂಡುಮಕ್ಕಳು ಇರಬಾರದು, ಇಲ್ಲವೇ ಇದ್ದವರೆಲ್ಲರ ಕವಲೂ ಅಳಿಯಬೇಕು. ಅಂದರೆ 0.3 + 0.4 × 0.5 + 0.3 × 0.5 × 0.5 = 0.575. ಈ 0.575 ಅನ್ನು ಅಜ್ಜನ ಪಟ್ಟಿಗೆ ಹಾಕಿ. ಒಬ್ಬ ಮಗನಿದ್ದರೆ ಒಂದು ಸಲ, ಇಬ್ಬರಿದ್ದರೆ ಅದನ್ನು ಅದರಿಂದಲೇ ಒಂದು ಸಲ ಗುಣಿಸಿ, ಮೂವರಿದ್ದರೆ ಎರಡು ಸಲ. ಪ್ರತಿಯೊಂದನ್ನೂ ಪಟ್ಟಿಯ ಅದರದರ ಸಾಧ್ಯತೆಯಿಂದ ಗುಣಿಸಿ, ಮಕ್ಕಳಿಲ್ಲದ 0.2 ಜೊತೆ ಕೂಡಿದರೆ ಹೆಸರು ಅಳಿಯುವ ಸಾಧ್ಯತೆ ಸುಮಾರು 0.51.

ಅದೇ ಮೂರು ಪಟ್ಟಿಗಳನ್ನು ತಿರುಗಿಸಿ ನೋಡಿ. ಅಜ್ಜನ ಕಾಲದಲ್ಲೇ ಮಕ್ಕಳು ಕಡಿಮೆ, ಆಮೇಲೆ ಜಾಸ್ತಿ. ಮೂರನೇ ತಲೆಮಾರಿನ ನಂತರ ಉಳಿಯುವವರ ಸರಾಸರಿ ಎರಡರಲ್ಲೂ 0.9. ಆದರೆ ಅಳಿಯುವ ಸಾಧ್ಯತೆ 0.67ಕ್ಕೆ ಏರುತ್ತದೆ! ನನಗೆ ಈ ಲೆಕ್ಕದಲ್ಲಿ ತುಂಬಾ ಇಷ್ಟವಾದದ್ದು ಇದೇ. ಮೊದಲೇ ಕವಲು ಹರಡಿಕೊಂಡರೆ ಮುಂದೆ ಒಂದೆರಡು ಒಣಗಿದರೂ ಮರ ನಿಲ್ಲುತ್ತದೆ. ಬುಡದಲ್ಲೇ ಒಂದೇ ಕವಲಿದ್ದರೆ ಅದು ಮುರಿದಲ್ಲಿಗೆ ಕತೆ ಮುಗಿಯಿತು. ಸುಮ್ನೆ ಸರಾಸರಿ ನೋಡಿದರೆ ಇದು ಕಾಣುವುದಿಲ್ಲ.

ಶುರುವಿನಲ್ಲಿ ನಾಲ್ಕು ಜನ ಅಜ್ಜಂದಿರಿದ್ದರೆ 0.51 ಅನ್ನು ನಾಲ್ಕು ಸಲ ಬರೆದು ಗುಣಿಸಿ. ಸುಮಾರು 0.07, ಅಷ್ಟೇ.

ನಿಮ್ಮದೇ ಅಂಕಿ ಬೇಕಾದರೆ ಪರಿಚಯದ ಹತ್ತಾರು ಒಕ್ಕಗಳ ವಂಶವೃಕ್ಷ ಒಟ್ಟಿಗೆ ಎಣಿಸಿ. ಒಂದೇ ಮನೆಯದು ಸಾಲದು.

ಕೊಡವರಲ್ಲಿ ಮಕ್ಕಪರಿಜೆ ಎಂಬ ಪದ್ಧತಿಯೂ ಇದೆ. ಅದರಲ್ಲಿ ಮಗಳ ಮಕ್ಕಳು ತಾಯಿಯ ಒಕ್ಕಕ್ಕೆ ಸೇರಿ ಹೆಸರು ಉಳಿಸುತ್ತಾರೆ. ಇದನ್ನೂ ಲೆಕ್ಕಕ್ಕೆ ತರಬಹುದು. ಉದಾಹರಣೆಗೆ, ಕೊನೆಯ ಪಟ್ಟಿಯ 0.5 ಅನ್ನು 0.4 ಮಾಡಿ, ಪಕ್ಕದ 0.4 ಅನ್ನು 0.5 ಮಾಡಿ. ಹಿಂದಕ್ಕೆ ಬಂದರೆ 0.51 ಇದ್ದದ್ದು 0.46ಕ್ಕೆ ಇಳಿದಿರುತ್ತದೆ.