ಕಡಲ ತೀರದ ಐಷಾರಾಮಿ ರೆಸಾರ್ಟ್‌ನಲ್ಲಿ ತಂಗುವುದು ಹೇಗೆ?

ಈಜುಕೊಳ, ಸ್ಪಾ, ಮೆತ್ತನೆಯ ಹಾಸಿಗೆ ಯಾವ ದೊಡ್ಡ ಹೋಟೆಲ್‌ನಲ್ಲೂ ಸಿಗುತ್ತವೆ. ಇಲ್ಲಿ ನೀವು ಜಾಸ್ತಿ ದುಡ್ಡು ಕೊಡುವುದು ಕಡಲಿಗಾಗಿ, ಅಲ್ವಾ? ಹಾಗಾದರೆ ಬುಕಿಂಗ್‌ನಿಂದಲೇ ಕಡಲಿನ ಲೆಕ್ಕ ಹಿಡಿಯಿರಿ.

ಮೊದಲು ರೂಮು. ‘ಓಷನ್ ಫ್ರಂಟ್’ ಎಂದಿದ್ದರೆ ರೂಮು ಸಾಮಾನ್ಯವಾಗಿ ನೇರ ಕಡಲಿಗೇ ಮುಖ ಮಾಡಿರುತ್ತದೆ. ‘ಓಷನ್ ವ್ಯೂ’ ಎಂದರೆ ಕಡಲು ಕಾಣುತ್ತದೆ ಅಷ್ಟೆ. ‘ಪಾರ್ಷಿಯಲ್ ವ್ಯೂ’ ಆದರೆ ಬಾಲ್ಕನಿಯ ಮೂಲೆಗೆ ಹೋಗಿ ಕತ್ತು ಹೊರಳಿಸಬೇಕಾದೀತು. ಫೋಟೊ ನಂಬಿ ಸುಮ್ನೆ ದುಡ್ಡು ಕಟ್ಟಬೇಡಿ. ಫೋನ್ ಮಾಡಿ ಕೇಳಿ: ಎಷ್ಟನೇ ಮಹಡಿ? ಎದುರಿಗೆ ಮರಗಳಿವೆಯೇ? ಪಕ್ಕದಲ್ಲಿ ಕಟ್ಟಡದ ಕೆಲಸ ನಡೆಯುತ್ತಿದೆಯೇ? ಆ ತಿಂಗಳಲ್ಲಿ ನೀರಿಗಿಳಿಯಲು ಬಿಡುತ್ತಾರೆಯೇ? ಈ ಕೊನೆಯ ಪ್ರಶ್ನೆಯನ್ನು ಮರೆಯಲೇಬೇಡಿ. ದರ ಇಳಿದಿರುವ ಕಾಲದಲ್ಲಿ ಕಡಲು ಎಷ್ಟೋ ಕಡೆ ಒರಟಾಗಿರುತ್ತದೆ.

ದರದಲ್ಲಿ ತಿಂಡಿ ಮಾತ್ರವೋ, ಎರಡು ಹೊತ್ತಿನ ಊಟವೂ ಸೇರಿದೆಯೋ ನೋಡಿ. ತೆರಿಗೆ ಮತ್ತು ‘ರೆಸಾರ್ಟ್ ಫೀ’ (ಈಜುಕೊಳದಂಥ ಸೌಲಭ್ಯಗಳಿಗೆಂದು ಹಾಕುವ ಶುಲ್ಕ) ಬೇರೆ ಇದೆಯೇ ಎಂದೂ ಕೇಳಿ. ಚೆಕ್-ಇನ್ ವೇಳೆ ಕಾರ್ಡ್‌ನಲ್ಲಿ ಒಂದಿಷ್ಟು ಮೊತ್ತವನ್ನು ಭದ್ರತೆಗೆಂದು ತಡೆಹಿಡಿಯುವುದು ಮಾಮೂಲಿ. ಅದಕ್ಕೆ ಕ್ರೆಡಿಟ್ ಕಾರ್ಡೇ ಕೊಡಿ. ಡೆಬಿಟ್ ಕಾರ್ಡ್ ಕೊಟ್ಟರೆ ಕೆಲವು ದಿನ ನಿಮ್ಮ ಖಾತೆಯ ದುಡ್ಡೇ ಸಿಕ್ಕಿಹಾಕಿಕೊಳ್ಳುತ್ತದೆ.

ರೂಮು ಸಿಗುವುದು ಹೆಚ್ಚಾಗಿ ಮಧ್ಯಾಹ್ನ 2 ಅಥವಾ 3ಕ್ಕೆ. ಬೆಳಿಗ್ಗೆಯೇ ತಲುಪುವುದಾದರೆ ಈಜುಡುಗೆ, ಚಪ್ಪಲಿ, ಸನ್‌ಸ್ಕ್ರೀನ್ ಕೈಚೀಲದಲ್ಲೇ ಇರಲಿ. ಲಗೇಜನ್ನು ಅವರ ಬಳಿ ಬಿಟ್ಟು ನೇರ ಮರಳಿಗೆ ನಡೆಯಿರಿ. ಸನ್‌ಸ್ಕ್ರೀನ್ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಮೇಲಿನದಿರಲಿ. ಎರಡು ಗಂಟೆಗೊಮ್ಮೆ, ನೀರಿನಿಂದ ಎದ್ದಾಗಲೂ ಮತ್ತೆ ಹಚ್ಚಿಕೊಳ್ಳಿ.

ಇನ್ನು ನೀರಿಗಿಳಿಯುವುದು. ರೆಸಾರ್ಟ್ ಎಷ್ಟೇ ದುಬಾರಿಯಾಗಿರಲಿ, ಕಡಲು ಅವರ ಮಾತು ಕೇಳುವುದಿಲ್ಲ. ಇಳಿಯುವ ಮುನ್ನ ಐದು ನಿಮಿಷ ದಡದಲ್ಲಿ ನಿಂತು ಅಲೆಗಳನ್ನು ನೋಡಿ. ಬಿಳಿ ನೊರೆಯ ಅಲೆಗಳ ನಡುವೆ ಒಂದು ಕಡೆ ಮಾತ್ರ ಅಲೆ ಒಡೆಯದೆ, ನೀರು ಕಪ್ಪಗೆ, ಶಾಂತವಾಗಿ ಕಾಣಬಹುದು. ಮಕ್ಕಳನ್ನು ಆಡಿಸಲು ಅದೇ ಒಳ್ಳೆ ಜಾಗ ಅನಿಸುತ್ತದೆ. ಆದರೆ ದಡದಿಂದ ಒಳಕ್ಕೆ ಎಳೆದೊಯ್ಯುವ ಸೆಳೆತ, ‘ರಿಪ್ ಕರೆಂಟ್’, ಇರುವುದು ಹೆಚ್ಚಾಗಿ ಅಲ್ಲೇ. ಅದಕ್ಕೆ ಸಿಕ್ಕಿದರೆ ದಡದ ಕಡೆಗೆ ಎದುರು ಈಜಬೇಡಿ, ಬಲವೆಲ್ಲ ಮುಗಿದುಹೋಗುತ್ತದೆ. ತೇಲುತ್ತಾ ಕೈ ಎತ್ತಿ ಸಹಾಯ ಕೇಳಿ. ಈಜಬಲ್ಲವರು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಸೆಳೆತ ದಾಟಿದ ಮೇಲೆ ದಡಕ್ಕೆ ಬರಬೇಕು.

ಬಾವುಟಗಳನ್ನೂ ಓದಿ. ಕೆಂಪು-ಹಳದಿ ಬಾವುಟಗಳ ನಡುವೆ ಜೀವರಕ್ಷಕರ ಕಣ್ಣಿರುತ್ತದೆ. ಕೆಂಪು ಅಂದರೆ ಅಪಾಯ. ನೇರಳೆ ಹಾರಿದ್ದರೆ ಜೆಲ್ಲಿ ಮೀನಿನಂಥ ಕುಟುಕುವ ಜೀವಿಗಳಿವೆ ಎಂದು ಅನೇಕ ಕಡೆ ಅರ್ಥ.

ಉಬ್ಬರ-ಇಳಿತದ ಹೊತ್ತು ರಿಸೆಪ್ಷನ್‌ನಲ್ಲಿ ಕೇಳಿ. ಹೆಚ್ಚಿನ ತೀರಗಳಲ್ಲಿ ಉಬ್ಬರದಿಂದ ಇಳಿತಕ್ಕೆ ಸುಮಾರು ಆರು ಗಂಟೆ. ಮರುದಿನ ಎಲ್ಲವೂ ಸುಮಾರು 50 ನಿಮಿಷ ತಡ. ಇಳಿತದಲ್ಲಿ ಒದ್ದೆ ಮರಳು ಗಟ್ಟಿಯಾಗಿರುತ್ತದೆ, ವಯಸ್ಸಾದವರಿಗೂ ನಡೆಯಲು ಸುಲಭ.

ಕಡಲಾಮೆ ಮೊಟ್ಟೆಯಿಡುವ ತೀರವಾದರೆ ರಾತ್ರಿ ಬಾಲ್ಕನಿ ದೀಪ ಆರಿಸಿ, ಪರದೆ ಎಳೆಯಿರಿ. ಮರಿಗಳು ಬೆಳಕಿದ್ದ ಕಡೆಗೆ ಹೋಗುತ್ತವೆ. ನಮ್ಮ ದೀಪ ನೋಡಿ ದಾರಿ ತಪ್ಪಿದರೆ ಎಷ್ಟೋ ಮರಿಗಳು ಕಡಲು ಸೇರುವುದೇ ಇಲ್ಲ.

ಹೊರಡುವ ಹಿಂದಿನ ಸಂಜೆಯೇ ಬಿಲ್ ತರಿಸಿ ಸಾಲುಸಾಲಾಗಿ ನೋಡಿ, ಮಿನಿ ಬಾರ್ (ರೂಮಿನ ಪುಟ್ಟ ಫ್ರಿಜ್‌ನಲ್ಲಿಟ್ಟಿರುವ ಪಾನೀಯ, ತಿನಿಸು) ಲೆಕ್ಕವನ್ನಂತೂ ಬಿಡಬೇಡಿ. ರೂಮು ಬಿಟ್ಟ ಮೇಲೂ ಸ್ನಾನಕ್ಕೆ ಜಾಗ ಕೊಡುತ್ತಾರೆಯೇ ಎಂದು ಆಗಲೇ ವಿಚಾರಿಸಿ. ಕೊಡುವುದಾದರೆ ಒಂದು ಜೊತೆ ಒಣ ಬಟ್ಟೆ ಲಗೇಜಿನ ಮೇಲ್ಭಾಗದಲ್ಲೇ ಇಟ್ಟುಕೊಳ್ಳಿ.